ಕ್ಯಾಮರಾ ಕೊಳ್ಳೋ ಮುಂಚೆ ಬೆಳಕು ನೋಡಿ!

ಮೊನ್ನೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಕೈಯಲ್ಲಿ ಇದೇ ಪತ್ರಿಕೆ ಹಿಡಿದ ಹುಡುಗನೊಬ್ಬ ಹತ್ತಿರ ಬಂದ. ಹದಿನೆಂಟೋ ಹತ್ತೊಂಬತ್ತೋ ವಯಸ್ಸು.

“ಅಣ್ಣಾ, ನಾನು ಕ್ಯಾಮರಾಮನ್ ಆಗ್ಬೇಕು. ಯಾವ ಕ್ಯಾಮರಾ ತಗೊಳ್ಲಿ?”

“ದುಡ್ಡಿಗೇನು ಮಾಡಿದ್ದೀಯಪ್ಪಾ?”

“ಅಮ್ಮನ ಸರ ಇದೆ. ಅಡ ಇಡೋಕೆ ಒಪ್ಪಿದ್ದಾರೆ.”

ನನ್ನ ಎದೆ ಧಸಕ್ಕೆಂದಿತು! ಬಸ್ಸು ಬಂತು, ಹೋಯ್ತು. ನಾನು ಹತ್ತಲಿಲ್ಲ. ಅವನನ್ನು ಟೀ ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಅಲ್ಲಿ ಅವನಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ. ನಿಮ್ಮಲ್ಲೂ ಎಷ್ಟು ಜನರ ಮನೆಯಲ್ಲಿ ಎಷ್ಟು ಸರಗಳು ಅಪಾಯದಲ್ಲಿವೆಯೋ, ಯಾರಿಗೆ ಗೊತ್ತು!

ಮೊದಲೇ ಹೇಳಿಬಿಡ್ತೀನಿ, ನಾನೇನು ಛಾಯಾಗ್ರಾಹಕನಲ್ಲ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು, ಶೂಟಿಂಗ್ ಜಾಗಗಳಲ್ಲಿ ಅಲೆದು, ಲೈಟ್ ಹುಡುಗರ ಪಕ್ಕ ಕೂತು ಊಟ ಮಾಡಿ ಕಲಿತವನು. ನನ್ನ ಕೈಯಿಂದ ಓಡಿದ್ದು ಒಂದೇ ಒಂದು ರೀಲು. ಅದೂ ಕೆಟ್ಟಿತು. ಆ ಕಥೆ ಕಡೆಗೆ ಹೇಳ್ತೀನಿ.

ಮೈಸೂರಿನವರ ಎರಡು ಕನ್ನಡಿ

ವಿ.ಕೆ. ಮೂರ್ತಿ ಹೆಸರು ಕೇಳಿದ್ದೀರಾ? ನಮ್ಮ ಮೈಸೂರಿನವರು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಬೊಂಬಾಯಿಗೆ ಹೋಗಿ ಗುರುದತ್ತರ ಕಣ್ಣೇ ಆಗಿಬಿಟ್ಟವರು. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿನಲ್ಲಿ ಕತ್ತಲ ಸ್ಟುಡಿಯೋದೊಳಗೆ ಮೇಲಿನಿಂದ ಒಂದು ಬೆಳಕಿನ ಕಂಬ ಇಳಿಯುತ್ತದೆ. ನೋಡಿದವರು ಇವತ್ತಿಗೂ ಮರೆತಿಲ್ಲ. ಅದಕ್ಕೆ ಮೂರ್ತಿಯವರು ಯಾವ ಫಾರಿನ್ ಲೈಟು ತಂದರು ಅಂತೀರಿ? ಎರಡು ದೊಡ್ಡ ಕನ್ನಡಿ! ಒಂದು ಹೊರಗಡೆ ಬಿಸಿಲು ಹಿಡಿದು ಒಳಕ್ಕೆ ಎಸೆಯಿತು, ಇನ್ನೊಂದು ಮೇಲಿನ ಅಟ್ಟಣೆಯಿಂದ ಅದನ್ನು ಕೆಳಕ್ಕೆ ತಿರುಗಿಸಿತು. ಅಷ್ಟೇ. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿದರೂ ಛಾಯಾಗ್ರಹಣಕ್ಕೆ ಫಿಲಂಫೇರ್ ಪ್ರಶಸ್ತಿ ಬಂತು. ಮುಂದೆ 2008ರ ಸಾಲಿನ ಫಾಲ್ಕೆ ಪ್ರಶಸ್ತಿಯೂ ಅವರಿಗೇ ಸಂದಿತು. ಒಬ್ಬ ಛಾಯಾಗ್ರಾಹಕನಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಬಂಗಾಳದ ಸುಬ್ರತ ಮಿತ್ರರದ್ದೂ ಇದೇ ಕಥೆ. 1956ರ ‘ಅಪರಾಜಿತೋ’ದಲ್ಲಿ ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದ್ದರು. ಆಕಾಶದ ಮೆತ್ತನೆ ಬೆಳಕು ಬೇಕಿತ್ತು. ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿ, ಕೆಳಗಿಂದ ಅದಕ್ಕೆ ಲೈಟು ಹೊಡೆದು, ವಾಪಸು ಬೀಳುವ ಬೆಳಕಲ್ಲೇ ಶೂಟ್ ಮಾಡಿದರು.

ಆದ್ದರಿಂದ ನಿಮ್ಮ ಮೊದಲ ಸಾಮಾನು ಒಂದು ಬಿಳಿ ಪಂಚೆ ಮತ್ತು ಒಂದು ಥರ್ಮೋಕೋಲ್ ಹಾಳೆ. ಗೆಳೆಯನನ್ನು ಕಿಟಕಿ ಪಕ್ಕ ಕೂರಿಸಿ, ಮುಖದ ಕತ್ತಲೆ ಕಡೆಗೆ ಥರ್ಮೋಕೋಲ್ ಹಿಡಿಯಿರಿ. ಹತ್ತಿರ ತನ್ನಿ, ದೂರ ಒಯ್ಯಿರಿ, ಮುಖ ಬದಲಾಗೋದು ನೋಡಿ. ಬಲ್ಬು ಹಾಕುವವರು ಒಂದು ಲೆಕ್ಕ ನೆನಪಿಡಿ: ಬಲ್ಬಿನ ದೂರ ಎರಡರಷ್ಟಾದರೆ ಬೆಳಕು ಅರ್ಧವಾಗಲ್ಲ, ಕಾಲು ಭಾಗವಾಗುತ್ತೆ. ದೊಡ್ಡ ಬಲ್ಬಿಗೆ ದುಡ್ಡು ಸುರಿಯೋ ಮುಂಚೆ ಇರೋ ಬಲ್ಬನ್ನೇ ಹತ್ತಿರ ತನ್ನಿ!

ಎರಡನೇ ಮಾತು ಲೆನ್ಸಿನದು

ಫಿಲ್ಮ್ ಕಾಲದ ಕ್ಯಾಮರಾ ಅಂದರೆ ಏನು? ಬೆಳಕು ನುಗ್ಗದ ಒಂದು ಪೆಟ್ಟಿಗೆ. ಅದರ ಕೆಲಸ ಸೆಕೆಂಡಿಗೆ 24 ಚೌಕಟ್ಟು ಅಲುಗಾಡದಂತೆ ಎಳೆಯೋದು. ಅದನ್ನು ನೆಟ್ಟಗೆ ಮಾಡಿದರೆ ಹಳೇ ಆರಿಫ್ಲೆಕ್ಸೂ ಒಂದೇ, ಹೊಸದೂ ಒಂದೇ. ಚಿತ್ರ ಬರೆಯೋದು ಲೆನ್ಸು, ಹಿಡಿದಿಡೋದು ಫಿಲ್ಮು. ಈಗಿನ ಡಿಜಿಟಲ್‌ನಲ್ಲಿ ಫಿಲ್ಮಿನ ಜಾಗದಲ್ಲಿ ಸೆನ್ಸರ್ ಕೂತಿದೆ. ಆದ್ದರಿಂದ ಕ್ಯಾಮರಾಗೂ ಸ್ವಲ್ಪ ಬೆಲೆ ಬಂದಿದೆ, ಒಪ್ಪೋಣ. ಆದರೆ ಕ್ಯಾಮರಾ ನಾಲ್ಕೈದು ವರ್ಷಕ್ಕೆ ಹಳತಾಗುತ್ತೆ, ಒಳ್ಳೇ ಲೆನ್ಸು ನಲವತ್ತು ವರ್ಷ ಬಾಳುತ್ತೆ.

ಸೆಕೆಂಡ್ ಹ್ಯಾಂಡ್ ಲೆನ್ಸು ಕೊಳ್ಳೋವಾಗ ಒಂದು ಟಾರ್ಚು ಇಟ್ಟುಕೊಳ್ಳಿ. ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಬಿಟ್ಟು ಬನ್ನಿ. ಮಲೆನಾಡು, ಕರಾವಳಿಯವರು ಇದನ್ನು ಎರಡು ಸಲ ಓದಿಕೊಳ್ಳಿ. ಲೆನ್ಸನ್ನು ಅಂಗಿ ತುದಿಯಿಂದ ಒರೆಸುವವರಿಗಂತೂ ದೊಡ್ಡ ನಮಸ್ಕಾರ. ಮೊದಲು ರಬ್ಬರ್ ಬುಡ್ಡೆಯಿಂದ ಗಾಳಿ ಊದಿ ಧೂಳು ಹಾರಿಸಿ, ಆಮೇಲೆ ಒರೆಸಿ. ಧೂಳಿನ ಮೇಲೇ ಒರೆಸಿದರೆ ಗಾಜಿಗೆ ಗೀರು ಗ್ಯಾರಂಟಿ.

ಬೆಳಕಿಗೂ ಫೋಕಸ್ಸಿಗೂ ನಂಟು

ಲೆನ್ಸಿನ ಮೇಲೆ 1.4, 2, 2.8, 4, 5.6, 8, 11, 16 ಅಂತ ಅಂಕಿ ಇರುತ್ತೆ. ಒಂದೊಂದು ಮನೆ ಮುಂದಕ್ಕೆ ಹೋದಂತೆ ಬೆಳಕು ಅರ್ಧರ್ಧ ಕಮ್ಮಿ. ಆದರೆ ಅದರ ಜೊತೆಗೆ ಇನ್ನೊಂದು ಬೆಳೆಯುತ್ತೆ: ಫೋಕಸ್ಸಿನ ಆಳ. 35 ಎಂ.ಎಂ. ಫಿಲ್ಮಿಗೆ 50ರ ಲೆನ್ಸು ಹಾಕಿ ಹತ್ತಡಿ ದೂರದ ನಾಯಕನ ಮೇಲೆ ಫೋಕಸ್ ಇಟ್ಟಿದ್ದೀರಿ ಅನ್ನಿ. 2.8ರಲ್ಲಿ ಅವನು ಸುಮಾರು ಒಂದೂಮುಕ್ಕಾಲು ಅಡಿಯೊಳಗೆ ಇರಬೇಕು. 8ಕ್ಕೆ ಹೋದರೆ ಸುಮಾರು ಐದಡಿ ಓಡಾಡಬಹುದು. ಆದರೆ ಅದಕ್ಕೆ ಎಂಟು ಪಟ್ಟು ಬೆಳಕು ಬೇಕು! ಎಲ್ಲ ತಿರುಗಿ ಬೆಳಕಿಗೇ ಬಂತು, ನೋಡಿದಿರಾ?

ಸ್ಟ್ಯಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಮಾಡುವಾಗ ಮೇಣದ ಬತ್ತಿಯ ಬೆಳಕಲ್ಲೇ ದೃಶ್ಯ ತೆಗೆಯಬೇಕೆಂದು ಹಟ ಹಿಡಿದರು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಕ್ಕಾಗಿ ಝೈಸ್ ಕಂಪನಿ ಮಾಡಿದ್ದ 0.7ರ ಲೆನ್ಸು ತಂದರು. ಬೆಳಕೇನೋ ಸಾಕಾಯ್ತು. ಆದರೆ ಫೋಕಸ್ಸಿನ ಆಳ ಎಷ್ಟು ತೆಳುವಾಯ್ತೆಂದರೆ ನಟರು ಹೆಚ್ಚುಕಮ್ಮಿ ಅಲ್ಲಾಡದೆ ಕೂರಬೇಕಾಯ್ತು. ಲೆನ್ಸಿನಲ್ಲಿ ಪುಕ್ಕಟೆ ಅನ್ನೋದು ಏನೂ ಇಲ್ಲ.

ಬಣ್ಣ, ಕಪ್ಪು-ಬಿಳುಪು, ಎಷ್ಟು ಕೆ. ಅಂತ ಜಗಳ ಆಡುವವರಿಗೂ ಒಂದು ಮಾತು. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಎಸ್. ರಾಮಚಂದ್ರ ಕಪ್ಪು-ಬಿಳುಪಿನಲ್ಲಿ ತೆಗೆದರು. 2024ರಲ್ಲಿ ಅದನ್ನು ಶುದ್ಧಗೊಳಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಕಣ್ಣಿಟ್ಟು ತೆಗೆದ ಚಿತ್ರಕ್ಕೆ ವಯಸ್ಸಾಗಲ್ಲ ಸ್ವಾಮಿ!

ನನ್ನ ಒಂದು ರೀಲು

ಈಗ ನನ್ನ ಕಥೆ. ಆರು ವರ್ಷದ ಹಿಂದೆ ನಮ್ಮೂರಿನ ಹಳೇ ಫೋಟೋ ಸ್ಟುಡಿಯೋ ಯಜಮಾನರೊಬ್ಬರು ತಮ್ಮ ಬೋಲೆಕ್ಸ್ ಕ್ಯಾಮರಾವನ್ನು ನನ್ನ ಕೈಗೆ ಕೊಟ್ಟರು. 16 ಎಂ.ಎಂ., ಕೀಲಿ ಕೊಟ್ಟು ಓಡಿಸೋದು, ಬ್ಯಾಟರಿ ಬೇಡ. ನಾಲ್ಕು ಜನ ಗೆಳೆಯರು ದುಡ್ಡು ಹಾಕಿ ನೂರಡಿಯ ಒಂದು ರೀಲು ತರಿಸಿದೆವು. ನೂರಡಿ ಅಂದರೆ 4000 ಚೌಕಟ್ಟು. ತೆರೆಯ ಮೇಲೆ ಎರಡು ನಿಮಿಷ ನಲವತ್ತಾರು ಸೆಕೆಂಡು. ಮುಗೀತು!

ನಮ್ಮಜ್ಜಿ ಒಲೆ ಮುಂದೆ ಕೂತು ರೊಟ್ಟಿ ತಟ್ಟೋದನ್ನು ತೆಗೆದೆ. ಅಡುಗೆಮನೆ ಕತ್ತಲೆ. ಲೆನ್ಸು 1.4ಕ್ಕೆ ಪೂರ್ತಿ ತೆರೆದಿದ್ದೆ. ಅಜ್ಜಿ ನಾಲ್ಕಡಿ ದೂರ. ಆ ಲೆಕ್ಕಕ್ಕೆ ಫೋಕಸ್ಸಿನ ಆಳ ಬರೀ ಮೂರು ಇಂಚು. ಆ ಹಳೇ ಮಾಡೆಲ್‌ನಲ್ಲಿ ನಾವು ನೋಡೋದು ಲೆನ್ಸಿನಿಂದಲ್ಲ, ಪಕ್ಕದ ಕಿಂಡಿಯಿಂದ. ಕಿಂಡಿಯಲ್ಲಿ ಎಲ್ಲ ಸ್ಪಷ್ಟವಾಗೇ ಕಾಣುತ್ತೆ. ಟೇಪು ಹಿಡಿದು ಅಳೆಯಬೇಕಿತ್ತು. ನಾನು ಅಳೆಯಲಿಲ್ಲ. ಮೊದಲ ಶಾಟಿಗೆ ಇಟ್ಟ ಏಳಡಿ ಹಾಗೇ ಉಳಿದಿತ್ತು.

ರೀಲು ತೊಳೆದು ಬರೋಕೆ ಎರಡು ತಿಂಗಳಾಯ್ತು. ಅಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿದ್ದರು.

ಮನೆಯವರೆಲ್ಲ ಕೂತು ನೋಡಿದೆವು. ಹಿಂದಿನ ಗೋಡೆಯ ಕ್ಯಾಲೆಂಡರಿನ ತಾರೀಖು ಓದಬಹುದು, ಅಷ್ಟು ಚೊಕ್ಕ. ಮುಂದೆ ಅಜ್ಜಿ ಮಾತ್ರ ಹೊಗೆಯ ಹಾಗೆ. ಅಪ್ಪ ಏನೂ ಬೈಯಲಿಲ್ಲ. “ಇನ್ನೊಂದು ಸಲ ಹಾಕು” ಅಂದರು. ಮೂರು ಸಲ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಕ್ಯಾಮರಾ ಒಳ್ಳೇದೇ ಇತ್ತು. ಲೆನ್ಸೂ ಒಳ್ಳೇದೇ. ಕಮ್ಮಿ ಇದ್ದದ್ದು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಒಂದು ಟೇಪು ಮತ್ತು ಒಂದು ನಿಮಿಷದ ತಾಳ್ಮೆ.

ಟೀ ಅಂಗಡಿಯ ಹುಡುಗ ಇದನ್ನೆಲ್ಲ ಕೇಳಿ ಸುಮ್ಮನೆ ಕೂತಿದ್ದ. ಆಮೇಲೆ, “ಹಂಗಾದ್ರೆ ಈಗ ಏನ್ಮಾಡ್ಲಿ ಅಣ್ಣಾ?” ಅಂದ.

“ಸರ ಅಮ್ಮನ ಕೊರಳಲ್ಲೇ ಇರಲಿ. ಜೇಬಲ್ಲಿ ಮೊಬೈಲ್ ಇದೆಯಲ್ಲ, ಒಂದು ಪಂಚೆ, ಥರ್ಮೋಕೋಲು, ಟೇಪು ತಗೋ. ಕಿಟಕಿ ಬೆಳಕಲ್ಲಿ ದಿನಕ್ಕೊಂದು ಮುಖ, ಆರು ತಿಂಗಳು ತೆಗಿ. ಎಲ್ಲಿ ನಿಂತೆ, ಬೆಳಕು ಯಾವ ಕಡೆಯಿಂದ ಬಂತು, ಬರೆದಿಡು. ಆಮೇಲೂ ಆಸೆ ಉಳಿದಿದ್ದರೆ ಒಂದು ದಿನಕ್ಕೆ ಕ್ಯಾಮರಾ ಬಾಡಿಗೆ ಹಿಡಿ. ಮೊದಲ ಮುಖ ಅಮ್ಮನದೇ ಇರಲಿ.”

ತಲೆಯಾಡಿಸಿ ಹೊರಟ. ಹತ್ತು ಹೆಜ್ಜೆ ಹೋದವನು ತಿರುಗಿ ಬಂದು ಕೇಳಿದ: “ಅಣ್ಣಾ, ಟೇಪು ಎಲ್ಲಿ ಸಿಗುತ್ತೆ?”

ಇವನು ಕ್ಯಾಮರಾಮನ್ ಆಗ್ತಾನೆ ಮಿತ್ರರೇ, ಬರೆದಿಟ್ಟುಕೊಳ್ಳಿ!