ಸರ್ಕಾರಿ ನೌಕರ ಬರೆದ ತಂತ್ರಾಂಶ: ಸಹಿ ಯಾರದಿರಬೇಕು?

ಸಾಗರ ರಸ್ತೆಯಲ್ಲಿ ಆಲ್ಕೊಳದ ಆಸುಪಾಸಿನ ಬಿಡಿಭಾಗಗಳ ಮಳಿಗೆಯಾಗಲಿ, ಭದ್ರಾವತಿಯ ಸಣ್ಣ ಕಾರ್ಖಾನೆಯಾಗಲಿ, ದಾಸ್ತಾನು ಮತ್ತು ಬಿಲ್ಲಿನ ಲೆಕ್ಕಕ್ಕೆ ಇಂದು ಗಣಕಯಂತ್ರವನ್ನೇ ನೆಚ್ಚಿಕೊಂಡಿದೆ. ಅದರೊಳಗಿನ ಮುಕ್ತ ತಂತ್ರಾಂಶ ಬೆಲೆಯಿಲ್ಲದೆ ದೊರೆತರೂ ಹಕ್ಕುದಾರರಿಲ್ಲದ ಸರಕಲ್ಲ.

ಇದರ ಬಿಸಿ ವರ್ತಕರಿಗೇ ತಟ್ಟಿದ ನಿದರ್ಶನವಿದೆ. ಯುನಿಕ್ಸ್‌ನ ತನ್ನ ಸಾಲುಗಳು ಲಿನಕ್ಸ್‌ಗೆ ಸೇರಿವೆಯೆಂದು ಅಮೆರಿಕದ ಎಸ್‌ಸಿಒ ಸಂಸ್ಥೆಯು 2003ರಲ್ಲಿ ಐಬಿಎಂ ವಿರುದ್ಧ ದಾವೆ ಹೂಡಿತು. ಮರುವರ್ಷ ಅದು ನ್ಯಾಯಾಲಯಕ್ಕೆ ಎಳೆದದ್ದು ಆಟೋಜೋನ್ ಎಂಬ ವಾಹನ ಬಿಡಿಭಾಗಗಳ ವ್ಯಾಪಾರ ಸಂಸ್ಥೆಯನ್ನು. ಲಿನಕ್ಸ್ ಬಳಸಿದ್ದೇ ಅದರ ತಪ್ಪು! ಯುನಿಕ್ಸ್ ಕೃತಿಸ್ವಾಮ್ಯ ನೊವೆಲ್ ಸಂಸ್ಥೆಯದೆಂದು ಜ್ಯೂರಿ ತೀರ್ಮಾನಿಸಿದ್ದು 2010ರಲ್ಲಿ. ಅಷ್ಟರಲ್ಲಿ, 2004ರಿಂದಲೇ, ಲಿನಕ್ಸ್ ಬಳಗವು ಪ್ರತಿ ಕೊಡುಗೆಯ ಮೂಲಕ್ಕೂ ದೃಢೀಕರಣ ಕೇಳತೊಡಗಿತ್ತು. ಅಪಾಚೆ ಪ್ರತಿಷ್ಠಾನವಂತೂ ಕೊಡುಗೆದಾರರಿಂದ ಪರವಾನಗಿ ಒಪ್ಪಂದವನ್ನೇ ಬರೆಸಿಕೊಳ್ಳುತ್ತದೆ. ಬರೆದವನ ಕೃತಿಯ ಮೇಲೆ ಉದ್ಯೋಗದಾತನಿಗೆ ಹಕ್ಕಿದ್ದರೆ ಅವನ ಅನುಮತಿ ಪಡೆದಿರಬೇಕೆಂಬುದು ಅದರ ಒಂದು ಮುಖ್ಯ ಷರತ್ತು.

ಸರ್ಕಾರಿ ನೌಕರನ ತೊಡಕು ಇಲ್ಲಿಂದಲೇ ಆರಂಭ. 1957ರ ಕೃತಿಸ್ವಾಮ್ಯ ಕಾಯ್ದೆಯ ದೃಷ್ಟಿಯಲ್ಲಿ ತಂತ್ರಾಂಶವೂ ಸಾಹಿತ್ಯ ಕೃತಿ. ಅದರ 17ನೇ ಕಲಮಿನಂತೆ, ಬೇರೆ ಕರಾರಿಲ್ಲದಿದ್ದಲ್ಲಿ, ಸರ್ಕಾರದ ನಿರ್ದೇಶನದಲ್ಲಿ ಸಿದ್ಧವಾದ ಕೃತಿಗೆ ಸರ್ಕಾರವೇ ಮೊದಲ ಒಡೆಯ. ಸಾರ್ವಜನಿಕ ಉದ್ಯಮಗಳಿಗೂ ಇದೇ ನಿಯಮ; ಭದ್ರಾವತಿಯ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯ ಕೆಲಸಕ್ಕಾಗಿ ಅಲ್ಲಿನ ನೌಕರ ಬರೆದದ್ದು ಆತನ ಸ್ವಂತದ್ದಾಗದು. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ನೌಕರರು ಕರ್ತವ್ಯದ ಭಾಗವಾಗಿ ರಚಿಸಿದ ಕೃತಿಗೆ ಆ ದೇಶದೊಳಗೆ ಕೃತಿಸ್ವಾಮ್ಯವೇ ಇಲ್ಲ. ನಮ್ಮಲ್ಲಿ ಅದು 60 ವರ್ಷ ಉಳಿಯುತ್ತದೆ.

ಹಾಗಾದರೆ ಇಲಾಖೆಯ ಪರವಾಗಿ ನೌಕರನೇ ಗಣಕದ ಮೇಲೆ ‘ಒಪ್ಪಿದೆ’ ಎಂದು ಒತ್ತಿದರೆ ಸಾಲದೇ? ಸಾಲದು. ಸರ್ಕಾರದ ಕರಾರು ರಾಷ್ಟ್ರಪತಿ ಅಥವಾ ರಾಜ್ಯಪಾಲರ ಹೆಸರಿನಲ್ಲಿದ್ದು, ಅಧಿಕಾರ ಪಡೆದವರೇ ಅದನ್ನು ಮಾಡಿರಬೇಕೆಂದು ಸಂವಿಧಾನದ 299ನೇ ವಿಧಿ ವಿಧಿಸುತ್ತದೆ. ರಾತ್ರಿ ಮನೆಯಲ್ಲಿ, ಸ್ವಂತ ಯಂತ್ರದಲ್ಲಿ ಬರೆದದ್ದರ ಮಾತು ಬೇರೆ. ಆದರೆ ಅದು ಕಚೇರಿಯ ಕೆಲಸಕ್ಕೆ ಹತ್ತಿರವಾಗಿದ್ದಷ್ಟೂ ವಾದಕ್ಕೆ ಆಸ್ಪದ ಹೆಚ್ಚು.

ಸರ್ಕಾರಿ ತಂತ್ರಾಂಶಗಳ ಮೂಲ ಸಂಕೇತವನ್ನು ತೆರೆದಿಡುವ ನೀತಿಯನ್ನು ಕೇಂದ್ರವು 2015ರಲ್ಲಿಯೇ ಪ್ರಕಟಿಸಿದೆ. ಸ್ವಾಗತಾರ್ಹವೇ. ಆದರೆ ಇಲಾಖೆ ತನ್ನ ಕೃತಿಯನ್ನು ತೆರೆದಿಡುವುದು ಒಂದು, ಅದರ ನೌಕರ ಹೊರಗಿನ ಯೋಜನೆಗೆ ಕೊಡುಗೆ ನೀಡುವುದು ಇನ್ನೊಂದು. ಎರಡನೆಯದಕ್ಕೆ ಪ್ರತಿ ಇಲಾಖೆಯೂ ಅಧಿಕಾರಿಯೊಬ್ಬರನ್ನು ಗೊತ್ತುಮಾಡಿ, ಒಂದು ಪುಟದ ಅನುಮತಿಪತ್ರದ ನಮೂನೆ ಸಿದ್ಧಪಡಿಸಿದರೆ ಸಾಕು.

ಅಲ್ಲಿಯವರೆಗೆ, ಮುಕ್ತ ತಂತ್ರಾಂಶವನ್ನು ಮಾರ್ಪಡಿಸಿ ಕೊಡುವ ಸಂಸ್ಥೆಗಳೊಂದಿಗೆ ವ್ಯವಹರಿಸುವ ಉದ್ಯಮಿಗಳು, ಬರೆದವರಲ್ಲಿ ಸರ್ಕಾರಿ ನೌಕರರಿದ್ದಾರೆಯೇ ಎಂದು ವಿಚಾರಿಸಿ, ಇದ್ದಲ್ಲಿ ಇಲಾಖೆಯ ಲಿಖಿತ ಸಮ್ಮತಿಯ ಪ್ರತಿಯನ್ನು ಖರೀದಿ ಆದೇಶದೊಂದಿಗೆ ಲಗತ್ತಿಸಿಕೊಳ್ಳುವುದು ಒಳಿತು. ಹಕ್ಕಿನ ವಿವಾದ ಎದ್ದರೆ ನಷ್ಟ ಭರಿಸುವ ಹೊಣೆ ಮಾರಾಟಗಾರನದೆಂಬ ಷರತ್ತನ್ನೂ ಅದೇ ಆದೇಶದಲ್ಲಿ ಸೇರಿಸಬಹುದು.