ಕಾದ ಚಾವಣಿ, ಬೇಯುವ ಮನೆ: ಬಿಸಿಯನ್ನು ಮೇಲೆಯೇ ತಡೆಯಿರಿ

ಏಪ್ರಿಲ್-ಮೇ ತಿಂಗಳಲ್ಲಿ ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ತಗಡಿನ ಮನೆಯಲ್ಲಿ ಫ್ಯಾನ್ ತಿರುಗುತ್ತಿದ್ದರೂ ನೆತ್ತಿ ಸುಡುತ್ತದೆ. ಕಾದ ತಗಡು ಕೆಂಡದಂತೆ ಕೆಳಗೆ ಶಾಖದ ಕಿರಣ ಬೀರುವುದೇ ಇದಕ್ಕೆ ಕಾರಣ. ಫ್ಯಾನ್ ಗಾಳಿಯನ್ನು ಆಡಿಸುತ್ತದೆಯೇ ಹೊರತು ಕಿರಣವನ್ನು ತಡೆಯುವುದಿಲ್ಲ.

ಯುನಾನಿ ಪದ್ಧತಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳಲ್ಲಿ ಸುತ್ತಲಿನ ಹವೆಯೂ ಒಂದು. ಹಸುಗೂಸು, ಗರ್ಭಿಣಿ, ವಯಸ್ಸಾದವರು ಹಗಲಿಡೀ ಕಾದ ಕೋಣೆಯಲ್ಲಿದ್ದರೆ ಬರೀ ಶರಬತ್ತು ಸಾಲದು.

ತಗಡಿನ ಮನೆಗೆ ಅಲ್ಯೂಮಿನಿಯಂ ಹೊದಿಕೆಯ ಹೊಳೆಯುವ ಹಾಳೆ ಒಳ್ಳೆಯ ಉಪಾಯ. ಹೊಳೆಯುವ ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ಶಾಖಕಿರಣದ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ತಾನು ಕಾದರೂ ಕೆಳಗೆ ಬೀರುವುದು ಕಡಿಮೆ. ಆದರೆ ಹಾಳೆಯನ್ನು ತಗಡಿಗೆ ಅಂಟಿಸಬೇಡಿ. ಅಂಟಿದರೆ ಬಿಸಿ ನೇರವಾಗಿ ಹಾಳೆಗೆ ದಾಟುತ್ತದೆ. ನಡುವೆ ಕನಿಷ್ಠ ಒಂದು ಇಂಚು ಜಾಗ ಬಿಟ್ಟು, ಅಡ್ಡಪಟ್ಟಿಗಳ ಕೆಳಗೆ ಬಿಗಿಯಾಗಿ ಕಟ್ಟಿಸಿ. ಒಂದೇ ಬದಿ ಹೊಳೆಯುವ ಹಾಳೆಯಾದರೆ ಆ ಬದಿ ಕೆಳಗಿರಲಿ. ಮೇಲ್ಮುಖವಾಗಿದ್ದರೆ ಧೂಳು ಕೂತು ಗುಣ ಕುಗ್ಗುತ್ತದೆ. ಕಲ್ಲುಗಣಿ, ಸಿಮೆಂಟ್ ಕಾರ್ಖಾನೆಗಳ ನಮ್ಮ ಸೀಮೆಯಲ್ಲಿ ಧೂಳಿಗೆ ಬರವಿಲ್ಲ. ಚಾವಣಿಯ ಅಂಚಿನಲ್ಲಿ ಬಿಸಿಗಾಳಿ ಹೊರಹೋಗಲು ಕಿಂಡಿ ಇರಲಿ. ಅಲ್ಯೂಮಿನಿಯಂನಲ್ಲಿ ವಿದ್ಯುತ್ ಹರಿಯುತ್ತದೆ. ವೈರುಗಳಿಗೆ ತಾಗದಂತೆ ಎಲೆಕ್ಟ್ರಿಷಿಯನ್‌ರಿಂದ ನೋಡಿಸಿಕೊಳ್ಳಿ.

ಶಹಾಬಾದ್ ಕಲ್ಲು ಹೊದಿಸಿದ ಮಾಳಿಗೆಯ ಸ್ವಭಾವ ಬೇರೆ. ದಪ್ಪ ಕಲ್ಲು ಹಗಲೆಲ್ಲ ಬಿಸಿ ಹೀರಿ, ಇಶಾ ನಮಾಜ್ ಮುಗಿದ ಮೇಲೂ ಒಳಗೆ ಬಿಡುತ್ತಿರುತ್ತದೆ. ಅಲ್ಲಿ ಬಿಸಿಲನ್ನು ಮೇಲ್ಮೈಯಲ್ಲೇ ತಿರುಗಿಸಬೇಕು. ಬೇಸಿಗೆಗೆ ಮುನ್ನ ಮಾಳಿಗೆ ಗುಡಿಸಿ, ತೊಳೆದು, ಎರಡು ಸಲ ಸುಣ್ಣ ಬಳಿಯಿರಿ. ಸುಣ್ಣದ ಕಲ್ಲಿನ ನಾಡಿನಲ್ಲಿ ಇದು ಅಗ್ಗದ ಮದ್ದು. ಮಳೆಗೆ ತೊಳೆದುಹೋಗುವುದರಿಂದ ಪ್ರತಿ ವರ್ಷ ಬಳಿಯಬೇಕು. ಸುಣ್ಣ ಕಣ್ಣಿಗೆ ಹಾರದಂತೆ ಎಚ್ಚರವಿರಲಿ, ಮಕ್ಕಳನ್ನು ದೂರವಿಡಿ.

ಹಣ ಕಡಿಮೆಯಿದ್ದರೆ ಮಗು ಮತ್ತು ಹಿರಿಯರು ಮಲಗುವ ಕೋಣೆಯೊಂದಕ್ಕಾದರೂ ಮೊದಲು ಮಾಡಿಸಿ.

ಇಷ್ಟಾದರೂ ಬಿಸಿಲಿಗೆ ಯಾರದಾದರೂ ಮೈ ಕೆಂಡವಾಗಿ, ಮಾತು ತಡವರಿಸಿದರೆ ಅಥವಾ ಎಚ್ಚರ ತಪ್ಪಿದರೆ ಮನೆಮದ್ದಿಗೆ ಕಾಯಬೇಡಿ. 108ಕ್ಕೆ ಕರೆಮಾಡಿ, ನೆರಳಿಗೆ ಕರೆತಂದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.