ಕ್ಷಯರೋಗದ ದಾರಿ ತಿಳಿಸುವ ನಕಲು ತಪ್ಪುಗಳು

ಕೊಯ್ಲಿನ ಕಾಲಕ್ಕೆ ಹೊರ ರಾಜ್ಯಗಳಿಂದ ಆಳುಗಳು ಬರುವುದು ನಮ್ಮ ತೋಟಗಳಲ್ಲಿ ಈಗ ಸಾಮಾನ್ಯ. ಅವರಲ್ಲೊಬ್ಬನಿಗೆ ಕ್ಷಯ ಕಂಡರೆ “ಊರಿಂದಲೇ ತಂದಿದ್ದಾನೆ” ಎಂದುಬಿಡುತ್ತೇವೆ. ಈ ಮಾತು ಎಷ್ಟು ನಿಜ ಎಂಬುದನ್ನು ಈಗ ಪರೀಕ್ಷೆಯಿಂದಲೇ ನೋಡಬಹುದಾಗಿದೆ. ಯುರೋಪಿನಲ್ಲಿ ನಡೆದ ಒಂದು ಪತ್ತೆಕಾರ್ಯವನ್ನು ಬೆಳೆಗಾರ ಬಾಂಧವರು ಗಮನಿಸಬೇಕು.

2016ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ, ಸೊಮಾಲಿಯ, ಎರಿಟ್ರಿಯ ಮುಂತಾದ ಆಫ್ರಿಕದ ದೇಶಗಳಿಂದ ಬಂದ ಆಶ್ರಯಾರ್ಥಿಗಳಲ್ಲಿ ಮುಖ್ಯ ಔಷಧಿಗಳಿಗೆ ಬಗ್ಗದ ಕ್ಷಯ ಕಂಡುಬಂತು. ನೆರೆಯ ದೇಶಗಳಿಗೆ ಸುದ್ದಿ ಮುಟ್ಟಿಸಿ ಹುಡುಕಲಾಗಿ, 2017ರ ಕೊನೆಯೊಳಗೆ ಜರ್ಮನಿ, ಫ್ರಾನ್ಸ್, ಸ್ವೀಡನ್ ಮೊದಲಾದ ಕಡೆಗಳದ್ದೂ ಸೇರಿ 29 ರೋಗಿಗಳು ಸಿಕ್ಕರು.

ಕ್ಷಯದ ರೋಗಾಣುವಿನ ಜೀನೋಮ್ ಎಂದರೆ ಸುಮಾರು 44 ಲಕ್ಷ ಅಕ್ಷರಗಳ ದಸ್ತಾವೇಜು ಇದ್ದಂತೆ. ರೋಗಾಣು ಎರಡಾಗುವಾಗಲೆಲ್ಲ ಅದರ ನಕಲಾಗುತ್ತದೆ. ಸರಾಸರಿ ಎರಡು ವರ್ಷಕ್ಕೊಂದು ಅಕ್ಷರ ತಪ್ಪುತ್ತದೆ. ಹಿಂದೆ ಶಾನುಭೋಗರು ಪಹಣಿ ಕೈಬರಹದಲ್ಲಿ ನಕಲಿಸುವಾಗ ಒಮ್ಮೆ ಬಿದ್ದ ತಪ್ಪು ಮುಂದಿನ ಪ್ರತಿಗಳಲ್ಲೂ ಉಳಿಯುತ್ತಿದ್ದಂತೆ, ಇದೂ ಉಳಿಯುತ್ತದೆ. ಇಂಗ್ಲೆಂಡಿನ ಮಧ್ಯಪ್ರಾಂತ್ಯದ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳತೆಗೋಲು ಒದಗಿಸಿತು: ಇಬ್ಬರ ರೋಗಾಣುಗಳಲ್ಲಿ 5 ಅಕ್ಷರಗಳವರೆಗೆ ವ್ಯತ್ಯಾಸವಿದ್ದರೆ ಇತ್ತೀಚೆಗೆ ಹರಡಿದ್ದಿರಬಹುದು, 12 ಮೀರಿದರೆ ಆ ಸಂಭವ ಬಹಳ ಕಡಿಮೆ.

ಆಶ್ರಯಾರ್ಥಿಗಳ ರೋಗಾಣುಗಳು ಒಂದಕ್ಕೊಂದು ಬಹು ಹತ್ತಿರದವಾಗಿದ್ದುವು. ಆದರೆ ಅವರ ತಾಯ್ನಾಡುಗಳು ಬೇರೆಬೇರೆ. ಬಂದ ದಾರಿಯನ್ನು ವಿಚಾರಿಸಿದಾಗ ಲಿಬಿಯದ ಬನಿ ವಾಲಿದ್ ಬಳಿಯ ಶಿಬಿರದತ್ತ ಬೆರಳು ತೋರಿತು. ಸೋಂಕು ತಗುಲಿದ್ದು ಊರಲ್ಲಲ್ಲ, ಬಹುಶಃ ದಾರಿಯ ಇಕ್ಕಟ್ಟಿನಲ್ಲಿ. ಜೀನೋಮ್ ಒಂದರಿಂದಲೇ ಇದು ತಿಳಿಯುತ್ತಿರಲಿಲ್ಲ. ರೋಗಿಯ ಮಾತನ್ನು ಕೇಳುವವರೂ ಬೇಕಾಯಿತು.

ನಮಗೆ ಇದರಲ್ಲಿ ಪಾಠವಿದೆ. ಗಾಳಿಯಾಡದ ಲೈನ್ ಮನೆಯಲ್ಲಿ ಹತ್ತು ಜನ ಮಲಗಿದರೆ ಕ್ಷಯ ಅಲ್ಲಿಯೇ ಹರಡೀತು. ಕೆಮ್ಮುವವನನ್ನು ಲೆಕ್ಕ ತೀರಿಸಿ ಕಳುಹಿಸಿದರೆ ರೋಗ ಮುಂದಿನ ತೋಟ ಸೇರುತ್ತದೆ. ಔಷಧಿ ನಡುವೆ ನಿಂತರೆ, ಅದಕ್ಕೆ ಬಗ್ಗದ ರೋಗಾಣು ಬೆಳೆಯಲು ಎಡೆಯಾಗುತ್ತದೆ.

ಎರಡು ವಾರ ಮೀರಿದ ಕೆಮ್ಮಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ. ಕಫ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ಕೊಯ್ಲು ಮುಗಿದು ಆಳು ಊರಿಗೆ ಹೊರಟರೆ ಆರೋಗ್ಯ ಕೇಂದ್ರಕ್ಕೆ ಮೊದಲೇ ತಿಳಿಸಿರಿ. ನಿಕ್ಷಯ್ ದಾಖಲೆಯ ಮೂಲಕ ಚಿಕಿತ್ಸೆಯನ್ನು ಅವನ ಊರಿಗೆ ವರ್ಗಾಯಿಸಬಹುದು. ಲೈನ್ ಮನೆಗೆ ಒಂದು ಕಿಟಕಿ ಹೆಚ್ಚಿಗೆ ಇಡಿಸುವುದಂತೂ ನಮ್ಮ ಕೈಯಲ್ಲೇ ಇದೆ.